ಬೆಳಗ್ಗೆ ಮುಷ್ಟಿ ಕಟ್ಟಲು ಆಗುತ್ತಿಲ್ಲವೇ? ಉತ್ತರ ಕನ್ನಡದವರಿಗೆ ಸಂಧಿವಾತದ ಮಾರ್ಗದರ್ಶಿ

ನಮ್ಮ ಜಿಲ್ಲೆಯಲ್ಲಿ ಕೈ ನೋವಿಗೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಘಟ್ಟದ ಮೇಲೆ ಅಡಿಕೆ ಸುಲಿಯುವ ಕಾಲ ಬಂತೆಂದರೆ ಮೆಟ್ಟುಗತ್ತಿಯ ಮುಂದೆ ಕೂತವರಿಗೆಲ್ಲ ಬೆರಳು ನೋವು. ಕರಾವಳಿಯಲ್ಲಿ ಶೆಟ್ಲಿ ಸುಲಿಯುವವರಿಗೆ ಮಣಿಕಟ್ಟು ನೋವು, ಮೀನಿನ ಬುಟ್ಟಿ ಹೊರುವವರಿಗೆ ಕುತ್ತಿಗೆ, ಭುಜ ನೋವು. ಕೆಲಸ ಜಾಸ್ತಿಯಾಯಿತು, ತಣ್ಣೀರಲ್ಲಿ ಕೈಯಾಡಿಸಿದ್ದು ಹೆಚ್ಚಾಯಿತು, ಮಳೆಗಾಲ, ವಯಸ್ಸಾಯಿತು ಎಂದು ಏನಾದರೊಂದು ಉತ್ತರ ಮನೆಯಲ್ಲೇ ಸಿಕ್ಕಿಬಿಡುತ್ತದೆ. ಹೆಚ್ಚಿನವರ ಪಾಲಿಗೆ ಆ ಉತ್ತರ ಸರಿಯೂ ಹೌದು.

ಕೆಲವರಿಗೆ ಮಾತ್ರ ಅದು ಸರಿಯಲ್ಲ. ರೋಗಾಣುಗಳನ್ನು ಎದುರಿಸಬೇಕಾದ ರಕ್ಷಣಾ ವ್ಯವಸ್ಥೆ ಅವರ ಗಂಟುಗಳ ಒಳಪದರದ ಮೇಲೇ ತಿರುಗಿ ಬಿದ್ದಿರುತ್ತದೆ. ಪದರ ಊದಿಕೊಳ್ಳುತ್ತದೆ, ನೀರು ತುಂಬುತ್ತದೆ, ನಿಧಾನಕ್ಕೆ ಪಕ್ಕದ ಮೃದ್ವಸ್ಥಿ ಮತ್ತು ಮೂಳೆಯನ್ನು ಕೊರೆಯುತ್ತದೆ. ಇದರಲ್ಲಿ ಹೆಚ್ಚು ಕಾಣುವುದು ರುಮಟಾಯ್ಡ್ ಆರ್ಥ್ರೈಟಿಸ್. ಚರ್ಮ, ಗಂಟು, ಮೂತ್ರಪಿಂಡ ಹೀಗೆ ಹಲವು ಅಂಗಗಳನ್ನು ಹಿಡಿಯುವ ಲೂಪಸ್, ಬೆನ್ನುಮೂಳೆಯ ಸಂಧಿವಾತ, ಸೋರಿಯಾಸಿಸ್ ಎಂಬ ಚರ್ಮರೋಗದ ಜೊತೆ ಬರುವ ಸಂಧಿವಾತ ಇವೆಲ್ಲ ಇದೇ ಗುಂಪಿನವು. ಒಟ್ಟಾಗಿ ಇವನ್ನು ಉರಿಯೂತದ ಸಂಧಿವಾತ ಎನ್ನುತ್ತಾರೆ.

ನಾನು ಕರಾವಳಿಯ ತಾಲೂಕೊಂದರಲ್ಲಿ ಫಿಸಿಷಿಯನ್. ನನ್ನ ಓಪಿಡಿಗೆ ಬರುವ ಇಂಥ ರೋಗಿಗಳಲ್ಲಿ ನನಗೆ ತೀರಾ ಬೇಸರ ತರುವುದು ರೋಗವಲ್ಲ, ಕಳೆದುಹೋದ ಕಾಲ. ಬಾವು ಶುರುವಾದ ಮೊದಲ ಮೂರರಿಂದ ಆರು ತಿಂಗಳೊಳಗೆ ಸರಿಯಾದ ಮದ್ದು ಸಿಕ್ಕಿದರೆ ಹೆಚ್ಚಿನವರ ಕೈ ಮೊದಲಿನ ಹಾಗೇ ಕೆಲಸ ಮಾಡುತ್ತದೆ. ಮೂಳೆ ಸವೆದು ಬೆರಳು ವಾಲಿದ ಮೇಲೆ ಯಾವ ಗುಳಿಗೆಯೂ ಅದನ್ನು ನೆಟ್ಟಗೆ ಮಾಡುವುದಿಲ್ಲ. ದೊಡ್ಡ ಆಸ್ಪತ್ರೆ ನಮ್ಮಿಂದ ದೂರ, ನಿಜ. ಆದರೆ ಈ ಕಾಯಿಲೆಯ ಮುಕ್ಕಾಲು ಕೆಲಸ ಮನೆಯಲ್ಲಿ ಮತ್ತು ತಾಲೂಕಿನಲ್ಲೇ ಆಗುತ್ತದೆ. ಅದನ್ನು ಹೇಗೆ ಮಾಡುವುದು ಎಂದು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದಿ ನೀವೇ ಮದ್ದು ಶುರು ಮಾಡಬೇಡಿ. ವೈದ್ಯರ ಎದುರು ಕೂತಾಗ ಏನು ಹೇಳಬೇಕು, ಏನು ಕೇಳಬೇಕು ಎಂಬುದು ಗೊತ್ತಿರಲಿ.

ಹೆಜ್ಜೆ 1: ನೋವಿಗಿಂತ ಬಾವನ್ನು ನೋಡಿ

ಬೆಳಗ್ಗೆ ಎದ್ದ ಕೂಡಲೇ ಮುಷ್ಟಿ ಕಟ್ಟಿ ನೋಡಿ. ಬೆರಳ ತುದಿ ಅಂಗೈಗೆ ತಾಗುತ್ತದೆಯೇ? ತಾಗದಿದ್ದರೆ ಗಡಿಯಾರ ನೋಡಿಕೊಳ್ಳಿ. ಕೈ ಸಡಿಲವಾಗಲು ಎಷ್ಟು ಹೊತ್ತು ಹಿಡಿಯಿತು? ಮಂಡಿ ಸವೆದವರಿಗೂ ಬೆಳಗ್ಗೆ ಹಿಡಿದುಕೊಳ್ಳುತ್ತದೆ, ಆದರೆ ಹತ್ತು ಹದಿನೈದು ನಿಮಿಷ ಓಡಾಡಿದರೆ ಬಿಡುತ್ತದೆ. ಉರಿಯೂತದ ಸಂಧಿವಾತದಲ್ಲಿ ಬಿಗಿತ ಅರ್ಧ ತಾಸಿಗಿಂತ ಹೆಚ್ಚು ಇರುತ್ತದೆ, ಎಷ್ಟೋ ಸಲ ಒಂದು ತಾಸು ದಾಟುತ್ತದೆ. ಹಾಲು ಕರೆಯಲು ಆಗುವುದಿಲ್ಲ, ಬಾವಿಯ ಹಗ್ಗ ಹಿಡಿಯಲು ಆಗುವುದಿಲ್ಲ, ಹತ್ತು ಗಂಟೆಯ ಹೊತ್ತಿಗೆ ಸುಮಾರು ಸರಿಹೋಗುತ್ತದೆ. ಕೆಲಸದಿಂದ ಬಂದ ನೋವು ಹಾಗಲ್ಲ. ಬೆಳಗ್ಗೆ ಆರಾಮ, ಸಂಜೆ ಜಾಸ್ತಿ.

ಆಮೇಲೆ ಯಾವ ಗಂಟು ಎಂದು ನೋಡಿ. ರುಮಟಾಯ್ಡ್ ಹಿಡಿಯುವುದು ಬೆರಳಿನ ಬುಡದ ಗಂಟು, ನಡುವಿನ ಗಂಟು, ಮಣಿಕಟ್ಟು ಮತ್ತು ಕಾಲ್ಬೆರಳ ಬುಡ. ಸಾಮಾನ್ಯವಾಗಿ ಎರಡೂ ಕೈಯಲ್ಲಿ, ಎರಡೂ ಕಾಲಲ್ಲಿ. ಉಗುರಿನ ಹತ್ತಿರದ ಕೊನೆಯ ಗಂಟನ್ನು ಅದು ಹೆಚ್ಚಾಗಿ ಮುಟ್ಟುವುದಿಲ್ಲ. ಅಲ್ಲಿ ಗಟ್ಟಿ ಗಂಟು ಎದ್ದಿದ್ದರೆ ಬಹುತೇಕ ಅದು ವಯಸ್ಸಿನ ಸವೆತ. ಮನೆಯವರೊಬ್ಬರಿಗೆ ನಿಮ್ಮ ಕೈಯ ನಾಲ್ಕು ಬುಡದ ಗಂಟುಗಳನ್ನು ಅಡ್ಡಲಾಗಿ, ಕೈ ಕುಲುಕುವಷ್ಟು ಬಲದಲ್ಲಿ ಒತ್ತಲು ಹೇಳಿ. ತಡೆಯಲಾರದೆ ಕೈ ಎಳೆದುಕೊಂಡರೆ ಅದೊಂದು ಒಳ್ಳೆಯ ಸುಳಿವು. ಕಾಲಿಗೂ ಹೀಗೇ ಮಾಡಿ. ಬರಿಗಾಲಲ್ಲಿ ಅಂಗಳಕ್ಕೆ ಇಳಿದರೆ ಜಲ್ಲಿಕಲ್ಲು ತುಳಿದ ಹಾಗಾಗುತ್ತದೆ ಎಂದು ಹೇಳುವವರ ಕಾಲ್ಬೆರಳ ಬುಡವನ್ನು ನಾನು ತಪ್ಪದೆ ಒತ್ತಿ ನೋಡುತ್ತೇನೆ.

ಬಾವು ಒತ್ತಿದರೆ ಮೆತ್ತಗಿರುತ್ತದೆ. ಉಂಗುರ ಹತ್ತುವುದಿಲ್ಲ, ಬಳೆ ದಾಟುವುದಿಲ್ಲ. ಬೆಳಗ್ಗೆ ಬೆಳಕಿನಲ್ಲಿ ಎರಡೂ ಕೈ ಪಕ್ಕಪಕ್ಕ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ನೀವು ಬಸ್ಸು ಹಿಡಿದು ಆಸ್ಪತ್ರೆ ಮುಟ್ಟಿ, ಚೀಟಿ ಮಾಡಿಸಿ ಒಳಗೆ ಬರುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ, ಬಾವು ಇಳಿದಿರುತ್ತದೆ. ಆಗ ಆ ಫೋಟೊ ನನಗೆ ಹತ್ತು ಮಾತಿಗಿಂತ ಹೆಚ್ಚು ಹೇಳುತ್ತದೆ.

ಗಂಟಿನ ಹೊರಗಿನದ್ದನ್ನೂ ಗಮನಿಸಿ, ಏಕೆಂದರೆ ರೋಗಿಗಳು ಅದನ್ನು ತಾವಾಗಿ ಹೇಳುವುದು ಕಡಿಮೆ. ಮತ್ತೆ ಮತ್ತೆ ಬಾಯಿಹುಣ್ಣು, ಕೂದಲು ಉದುರುವುದು, ತಣ್ಣೀರು ಮುಟ್ಟಿದರೆ ಬೆರಳು ಬಿಳಿಚಿ ನೀಲಿಯಾಗುವುದು, ಕಣ್ಣು ಬಾಯಿ ಒಣಗುವುದು, ತಲೆಯಲ್ಲೋ ಮೊಣಕೈಯಲ್ಲೋ ಹೊಟ್ಟು ಏಳುವ ಸೋರಿಯಾಸಿಸ್ ಕಲೆ, ಕಾರಣವಿಲ್ಲದ ಜ್ವರ, ತೂಕ ಇಳಿಯುವುದು. ಮುಖದ ಕಲೆಯ ಬಗ್ಗೆ ಒಂದು ಮಾತು. ಬಿಸಿಲಲ್ಲಿ ಕೂತು ಮೀನು ಮಾರುವ, ಗದ್ದೆ ನಾಟಿ ಮಾಡುವ ಹೆಂಗಸರ ಕೆನ್ನೆಯ ಕಲೆಯನ್ನು ಎಲ್ಲರೂ ಬಂಗು ಎಂದೇ ತಿಳಿಯುತ್ತಾರೆ. ಬಂಗು ಕಂದಾಗಿ ಸುಮ್ನೆ ಇರುತ್ತದೆ. ಲೂಪಸ್ ಕಲೆ ಕೆಂಪಾಗಿ ಎರಡೂ ಕೆನ್ನೆ, ಮೂಗಿನ ಸೇತುವೆ ಮೇಲೆ ಹರಡುತ್ತದೆ, ಬಿಸಿಲಿಗೆ ಹೋದರೆ ಕೆರಳುತ್ತದೆ, ಮೂಗಿನ ಪಕ್ಕದ ಮಡಿಕೆಯನ್ನು ಬಿಟ್ಟಿರುತ್ತದೆ. ಲೂಪಸ್ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು, ಅದೂ ಹೆಚ್ಚಾಗಿ 15ರಿಂದ 45ರ ವಯಸ್ಸಿನಲ್ಲಿ.

ಬಾವು ಎರಡು ಮೂರು ವಾರ ಬಿಡದೆ ಇದ್ದರೆ ತಾಲೂಕಿನ ವೈದ್ಯರ ಹತ್ತಿರ ಹೋಗಿ. ಆರು ವಾರ ದಾಟಲು ಬಿಡಬೇಡಿ.

ಅದೇ ದಿನ ಹೋಗಬೇಕಾದ್ದು

ಒಂದೇ ಗಂಟು ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ ಊದಿ ಜ್ವರವೂ ಬಂದರೆ ಒಳಗೆ ಕೀವಾಗಿರಬಹುದು. ಅದು ದಿನಗಳಲ್ಲೇ ಗಂಟನ್ನು ಹಾಳು ಮಾಡುತ್ತದೆ. ಎಣ್ಣೆ ಹಚ್ಚಿ ನೋಡೋಣ ಎನ್ನುವ ಪ್ರಶ್ನೆಯೇ ಇಲ್ಲ. ಕಣ್ಣು ಕೆಂಪಾಗಿ ನೋಯುತ್ತಾ ಬೆಳಕು ನೋಡಲಾಗದಿದ್ದರೆ ಕಣ್ಣಿನ ವೈದ್ಯರು. ಗಂಟುನೋವಿನ ಜೊತೆ ಮೂತ್ರದಲ್ಲಿ ನೊರೆ, ಕಾಲು ಮುಖ ಊದುವುದು, ಏದುಸಿರು, ಎದೆನೋವು, ಫಿಟ್ಸ್ ಬಂದರೂ ಕಾಯಬೇಡಿ. ಲೂಪಸ್ ಮೂತ್ರಪಿಂಡಕ್ಕೆ ಇಳಿದಾಗ ನೋವಿರುವುದಿಲ್ಲ.

ಹೆಜ್ಜೆ 2: ವೇಷ ಹಾಕಿ ಬರುವ ಬೇರೆ ಕಾಯಿಲೆಗಳು

ನಮ್ಮ ಕಡೆ ಈ ಹೆಜ್ಜೆ ತುಂಬ ಮುಖ್ಯ. ಪಠ್ಯಪುಸ್ತಕದ ರುಮಟಾಯ್ಡ್ ಕಂಡ ಕೂಡಲೇ ಅದೇ ಎಂದು ಮದ್ದು ಬರೆಯುವ ಹಾಗಿಲ್ಲ.

ಮೊದಲನೆಯದು ಚಿಕುನ್‌ಗುನ್ಯಾ. ಮಳೆ ನಿಂತು ಸೊಳ್ಳೆ ಹೆಚ್ಚಾದ ಮೇಲೆ ಬರುವ ಜ್ವರ ನಾಲ್ಕೈದು ದಿನಕ್ಕೆ ಬಿಡುತ್ತದೆ, ಗಂಟುನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಎರಡೂ ಕೈ, ಬೆಳಗಿನ ಬಿಗಿತ, ಬಾವು, ಎಲ್ಲವೂ ರುಮಟಾಯ್ಡ್ ಹಾಗೇ. ಹಾಗಾಗಿ ನೋವು ಶುರುವಾಗುವ ಮೊದಲು ಜ್ವರ ಬಂದಿತ್ತೇ, ಮನೆಯಲ್ಲಿ ಇನ್ಯಾರಿಗಾದರೂ ಬಂದಿತ್ತೇ, ಕೇರಿಯಲ್ಲಿ ಇತ್ತೇ ಎಂದು ನೆನಪಿಸಿಕೊಂಡು ಹೇಳಿ. ಚಿಕುನ್‌ಗುನ್ಯಾದ ನೋವು ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ. ಮೂರು ತಿಂಗಳಾದರೂ ಬಾವು ಹಾಗೇ ಇದ್ದರೆ ಮತ್ತೆ ಪೂರ್ತಿ ತಪಾಸಣೆ ಬೇಕು.

ಗೌಟ್ ಕೂಡ ಉರಿಯೂತದ ಕಾಯಿಲೆ, ಆದರೆ ರಕ್ಷಣಾ ವ್ಯವಸ್ಥೆ ತಿರುಗಿ ಬಿದ್ದು ಬರುವಂಥದ್ದಲ್ಲ. ಯೂರಿಕ್ ಆಸಿಡ್ ಹರಳು ಗಂಟಿನಲ್ಲಿ ಕೂತು ಬರುತ್ತದೆ. ರಾತ್ರಿ ಮಲಗುವಾಗ ಏನೂ ಇಲ್ಲ, ಬೆಳಗಿನ ಜಾವ ಕಾಲ ಹೆಬ್ಬೆರಳ ಬುಡ ಬೆಂಕಿ. ಹೊದಿಕೆ ತಾಗಿದರೂ ಜೀವ ಹೋಗುತ್ತದೆ. ನಡುವಯಸ್ಸಿನ ಗಂಡಸರಲ್ಲಿ, ಕುಡಿಯುವವರಲ್ಲಿ, ಬಿಪಿಗೆ ಮೂತ್ರ ಹೆಚ್ಚಿಸುವ 'ನೀರಿನ ಗುಳಿಗೆ' ತೆಗೆದುಕೊಳ್ಳುವವರಲ್ಲಿ ಜಾಸ್ತಿ. ತಾರ್ಲೆ, ಬಂಗಡೆ, ಬಳಚು, ಶೆಟ್ಲಿ ಯೂರಿಕ್ ಆಸಿಡ್ ಏರಿಸುವಂಥವೇ. ಆದ್ದರಿಂದ ಗೌಟ್ ಇದ್ದವರು ಇವನ್ನು ಕಡಿಮೆ ಮಾಡಬೇಕು, ಅದಕ್ಕಿಂತ ಮೊದಲು ಬಿಯರ್ ಬಿಡಬೇಕು. ಆದರೆ ರುಮಟಾಯ್ಡ್ ಇರುವವರಿಗೆ ಈ ಪಥ್ಯ ಬೇಕಿಲ್ಲ. ತಾರ್ಲೆ, ಬಂಗಡೆಯ ಎಣ್ಣೆಯಂಶ ಅವರಿಗೆ ಒಳ್ಳೆಯದೇ. ಎರಡು ಕಾಯಿಲೆಯನ್ನೂ ಸಂಧಿವಾತ ಎಂದು ಒಂದೇ ಹೆಸರಲ್ಲಿ ಕರೆದು, ಒಬ್ಬರ ಪಥ್ಯವನ್ನು ಇನ್ನೊಬ್ಬರಿಗೆ ಹೇಳಿ, ಮೀನೇ ಊಟವಾದ ಮನೆಯ ಹೆಂಗಸು ಬರೀ ಗಂಜಿ ಉಣ್ಣುವ ಹಾಗಾಗುವುದು ನನಗೆ ಸಂಕಟ ಕೊಡುತ್ತದೆ. ಇನ್ನೊಂದು ಮಾತು: ರಕ್ತದಲ್ಲಿ ಯೂರಿಕ್ ಆಸಿಡ್ ಸ್ವಲ್ಪ ಜಾಸ್ತಿ ಇದ್ದ ಮಾತ್ರಕ್ಕೆ ಗೌಟ್ ಅಲ್ಲ. ಗೌಟ್ ಕೆರಳಿದ ದಿನವೇ ಅದು ನಾರ್ಮಲ್ ಇರಲೂಬಹುದು. ಗಂಟಿನ ನೀರು ತೆಗೆದು ಹರಳು ನೋಡುವುದೇ ಗಟ್ಟಿ ಪರೀಕ್ಷೆ.

ದನ ಸಾಕುವವರು, ಕರು ಹಾಕಿಸುವಾಗ ಕೈ ಹಾಕುವವರು, ಹಸಿ ಹಾಲು ಕುಡಿಯುವವರು ಬೆನ್ನು ಸೊಂಟ ನೋವು ಮತ್ತು ಬಿಟ್ಟು ಬಿಟ್ಟು ಬರುವ ಜ್ವರ ಎಂದು ಬಂದರೆ ದನಗಳಿಂದ ಹರಡುವ ಬ್ರುಸೆಲ್ಲೋಸಿಸ್ ಎಂಬ ಸೋಂಕು ನೆನಪಾಗಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕೊಟ್ಟಿಗೆ ಮನೆಗಳಲ್ಲಿ ಇದನ್ನು ವೈದ್ಯರಿಗೆ ನೀವೇ ಹೇಳಿಬಿಡಿ. ಕುಷ್ಠರೋಗವೂ ಕೈ ಊದಿಸಿಕೊಂಡು ಬರಬಹುದು. ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ನಾಚಿಕೆ ಬೇಡ, ತೋರಿಸಿ. ಕ್ಷಯ ಒಂದೇ ಗಂಟಿಗೆ ಬಂದು ನಿಧಾನಕ್ಕೆ ಊದಿಸುತ್ತದೆ. ಇವುಗಳಿಗೆಲ್ಲ ಬೇರೆ ಬೇರೆ ಮದ್ದು. ರಕ್ಷಣಾ ವ್ಯವಸ್ಥೆ ತಗ್ಗಿಸುವ ಮದ್ದನ್ನು ಸೋಂಕಿಗೆ ಕೊಟ್ಟರೆ ಸೋಂಕು ಹರಡುತ್ತದೆ. ಅದಕ್ಕಾಗಿಯೇ ಇಷ್ಟು ಹೇಳುತ್ತಿದ್ದೇನೆ.

ಯುವಕರ ಬೆನ್ನುನೋವನ್ನೂ ಇಲ್ಲೇ ಸೇರಿಸುತ್ತೇನೆ. ಇಪ್ಪತ್ತು ಮೂವತ್ತರ ಹುಡುಗನಿಗೆ ಮೂರು ತಿಂಗಳಿಂದ ಸೊಂಟ ನೋವು, ರಾತ್ರಿಯ ಕೊನೆಯ ಅರ್ಧದಲ್ಲಿ ಎಚ್ಚರವಾಗುತ್ತದೆ, ಮಲಗಿದರೆ ಜಾಸ್ತಿ, ಓಡಾಡಿದರೆ ಕಡಿಮೆ ಎಂದರೆ ಅದು ಡಿಸ್ಕ್ ಅಲ್ಲದಿರಬಹುದು. ಬೆನ್ನುಮೂಳೆಯ ಸಂಧಿವಾತ, ಅಂದರೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಹೀಗೆ ಬರುತ್ತದೆ. ಇವರಿಗೆ ವಿಶ್ರಾಂತಿ ಹೇಳಿ ಮಲಗಿಸಿದರೆ ಕೆಡುತ್ತದೆ. ವ್ಯಾಯಾಮ ಮತ್ತು ಉರಿಯೂತ ಇಳಿಸುವ ನೋವಿನ ಗುಳಿಗೆ ಮೊದಲ ಮದ್ದು.

ಹೆಜ್ಜೆ 3: ಯಾವ ತಪಾಸಣೆ, ಯಾವುದು ಬೇಡ

ತಾಲೂಕಿನ ಲ್ಯಾಬಿನಲ್ಲೇ ಆಗುವಂಥವು ಇವು: ರಕ್ತದ ಪೂರ್ಣ ಎಣಿಕೆ, ಉರಿಯೂತ ಎಷ್ಟಿದೆ ಎಂದು ತೋರಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ಲಿವರ್ ಪರೀಕ್ಷೆ, ಸಕ್ಕರೆ, ಮೂತ್ರ. ಮೂತ್ರ ಪರೀಕ್ಷೆ ಅಗ್ಗ ಎಂದು ಅಸಡ್ಡೆ ಮಾಡಬೇಡಿ, ಲೂಪಸ್ ಮೊದಲು ಸಿಕ್ಕಿಬೀಳುವುದು ಎಷ್ಟೋ ಸಲ ಅಲ್ಲೇ. ಇಎಸ್‌ಆರ್ ರಕ್ತಹೀನತೆ, ವಯಸ್ಸು, ಬಸಿರು ಎಲ್ಲಕ್ಕೂ ಏರುತ್ತದೆ. ಸಿಆರ್‌ಪಿ ಉರಿಯೂತಕ್ಕೆ ಬೇಗ ಏರಿ ಬೇಗ ಇಳಿಯುತ್ತದೆ, ಹಾಗಾಗಿ ಮದ್ದು ಹಿಡಿಯಿತೇ ಎಂದು ನೋಡಲು ಅದೇ ಒಳ್ಳೆಯದು.

ಆರ್‌ಎ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆಯ ಬಗ್ಗೆ ದೊಡ್ಡ ತಪ್ಪು ತಿಳಿವಳಿಕೆ ಇದೆ. ಅದು ಪಾಸಿಟಿವ್ ಬಂದರೆ ರುಮಟಾಯ್ಡ್, ನೆಗೆಟಿವ್ ಬಂದರೆ ಇಲ್ಲ ಎಂದುಕೊಳ್ಳುತ್ತಾರೆ. ಎರಡೂ ತಪ್ಪು. ಕ್ಷಯ, ಹೆಪಟೈಟಿಸ್ ಸಿ, ಕುಷ್ಠ ಇದ್ದವರಲ್ಲಿ, ವಯಸ್ಸಾದ ಆರೋಗ್ಯವಂತರಲ್ಲೂ ಅದು ಪಾಸಿಟಿವ್ ಬರುತ್ತದೆ. ರುಮಟಾಯ್ಡ್ ಇರುವವರಲ್ಲೇ ಹತ್ತರಲ್ಲಿ ಇಬ್ಬರು ಮೂವರಿಗೆ ನೆಗೆಟಿವ್ ಇರುತ್ತದೆ. ಆಂಟಿ ಸಿಸಿಪಿ ಪರೀಕ್ಷೆ ಹೆಚ್ಚು ನಂಬಿಕಸ್ಥ. ಅದು ಚೆನ್ನಾಗಿ ಏರಿದ್ದರೆ ರೋಗ ಬಹುತೇಕ ಖಚಿತ, ಮೂಳೆ ಸವೆಯುವ ಅಪಾಯವೂ ಜಾಸ್ತಿ. ತಾಲೂಕಿನಲ್ಲಿ ರಕ್ತ ತೆಗೆದು ಹೊರಗೆ ಕಳಿಸುತ್ತಾರೆ, ಎರಡು ಮೂರು ದಿನ ಹಿಡಿಯಬಹುದು. ಅದಕ್ಕಾಗಿ ಹುಬ್ಬಳ್ಳಿಗೆ ಹೋಗಬೇಕಾಗಿಲ್ಲ. ಎರಡೂ ನೆಗೆಟಿವ್ ಬಂದು ಬಾವು ಕಣ್ಣಿಗೆ ಕಾಣುತ್ತಿದ್ದರೆ ನಾನು ಬಾವನ್ನೇ ನಂಬುತ್ತೇನೆ.

ಎಎನ್‌ಎ ಪರೀಕ್ಷೆಯನ್ನು ಲೂಪಸ್ ಮತ್ತು ಅದರ ಬಳಗದ ಲಕ್ಷಣ ಇದ್ದರೆ ಮಾತ್ರ ಮಾಡಿಸಬೇಕು. ರಿಪೋರ್ಟಿನಲ್ಲಿ 1:80 ಎಂದು ಬರೆಯುವ ಕೆಳಮಟ್ಟದಲ್ಲಿ ಆರೋಗ್ಯವಂತರಲ್ಲೂ ನೂರಕ್ಕೆ ಹತ್ತು ಹದಿನೈದು ಜನರಿಗೆ ಪಾಸಿಟಿವ್ ಬರುತ್ತದೆ. ಸುಮ್ನೆ ಮಾಡಿಸಿ, ಪಾಸಿಟಿವ್ ನೋಡಿ, ಇಂಟರ್‌ನೆಟ್‌ನಲ್ಲಿ ಓದಿ ನಿದ್ದೆಗೆಟ್ಟವರು ಬಹಳ. ಲಕ್ಷಣ ಇದ್ದು ಎಎನ್‌ಎ ಬಂದರೆ ಮುಂದಿನದ್ದು ಡಿಎಸ್ ಡಿಎನ್‌ಎ, ಸಿ3, ಸಿ4 ಎಂಬ ರಕ್ತಪರೀಕ್ಷೆಗಳು ಮತ್ತು ಮೂತ್ರದ ಪ್ರೋಟೀನ್. ಬೆನ್ನುಮೂಳೆಯ ಸಂಧಿವಾತಕ್ಕೆ ಮಾಡುವ ಎಚ್‌ಎಲ್‌ಎ ಬಿ27 ಪರೀಕ್ಷೆ ಕೂಡ ಹಾಗೇ. ಬೆನ್ನುನೋವಿನ ಕಥೆ ಹೊಂದಿದರೆ ಬೆಲೆ, ಇಲ್ಲದಿದ್ದರೆ ಇಲ್ಲ. ಹಿಂದಿನ ಗಂಟಲು ಸೋಂಕಿನ ಗುರುತು ಹುಡುಕುವ ಎಎಸ್‌ಒ ಪರೀಕ್ಷೆ ದೊಡ್ಡವರ ಗಂಟುನೋವಿಗೆ ಬಹುತೇಕ ವ್ಯರ್ಥ. 'ಆರ್ಥ್ರೈಟಿಸ್ ಪ್ಯಾಕೇಜ್' ಎಂದು ಎಲ್ಲವನ್ನೂ ಒಟ್ಟಿಗೆ ಮಾರುವುದನ್ನು ನಾನು ಒಪ್ಪುವುದಿಲ್ಲ. ಆ ದುಡ್ಡಿನಲ್ಲಿ ತಿಂಗಳುಗಟ್ಟಲೆ ಮದ್ದು ಬರುತ್ತದೆ.

ಎರಡೂ ಕೈ, ಎರಡೂ ಪಾದದ ಎಕ್ಸ್‌ರೇ ಒಂದು ಸಲ ಬೇಕು. ಶುರುವಿನಲ್ಲಿ ಅದು ಸರಿಯಾಗೇ ಕಾಣುತ್ತದೆ. ಸವೆತ ಇಲ್ಲ ಎಂದರೆ ರೋಗ ಇಲ್ಲ ಎಂದಲ್ಲ, ಇನ್ನೂ ಹೊತ್ತಿದೆ ಎಂದರ್ಥ. ಮದ್ದು ಶುರು ಮಾಡುವ ಮೊದಲು ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ ಮಾಡಿಸಿಕೊಳ್ಳಿ.

ಹೆಜ್ಜೆ 4: ರುಮಟಾಲಜಿಸ್ಟ್ ಹತ್ತಿರ ಹೋಗುವ ದಿನ

ಸಂಧಿವಾತದ ತಜ್ಞರಿಗೆ ರುಮಟಾಲಜಿಸ್ಟ್ ಎನ್ನುತ್ತಾರೆ. ಮೂಳೆ ವೈದ್ಯರು ಬೇರೆ, ಇವರು ಬೇರೆ. ಘಟ್ಟದ ಮೇಲಿನವರಿಗೆ ಹುಬ್ಬಳ್ಳಿ, ಭಟ್ಕಳ ಹೊನ್ನಾವರದವರಿಗೆ ಮಣಿಪಾಲ, ಮಂಗಳೂರು, ಕಾರವಾರದವರಿಗೆ ಗೋವಾ ಹತ್ತಿರ. ಹತ್ತಿರ ಎಂದರೂ ಶಿರಸಿಯಿಂದ ಹುಬ್ಬಳ್ಳಿಗೆ, ಕಾರವಾರದಿಂದ ಪಣಜಿಗೆ ನೂರು ಕಿಲೋಮೀಟರ್ ಆಸುಪಾಸು. ಒಂದು ದಿನದ ಕೂಲಿ, ಜೊತೆಗೆ ಬರುವವರ ಕೂಲಿ, ಬಸ್ಸಿನ ಖರ್ಚು. ಅದಕ್ಕೇ ಆ ಒಂದು ದಿನ ಪೂರ್ತಿ ಉಪಯೋಗಕ್ಕೆ ಬರಬೇಕು.

ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ತಿಂಗಳು ಶುರುವಾಯಿತು, ಮೊದಲು ಯಾವ ಗಂಟು, ಬೆಳಗಿನ ಬಿಗಿತ ಎಷ್ಟು ಹೊತ್ತು, ಜ್ವರ ಬಂದಿತ್ತೇ, ಹಿಂದೆ ಕ್ಷಯ ಇತ್ತೇ, ಮನೆಯಲ್ಲಿ ಯಾರಿಗಾದರೂ ಸಂಧಿವಾತ ಅಥವಾ ಸೋರಿಯಾಸಿಸ್ ಇದೆಯೇ, ಮಕ್ಕಳಾಗುವ ಯೋಚನೆ ಇದೆಯೇ. ಈವರೆಗೆ ತಿಂದ ಎಲ್ಲ ಗುಳಿಗೆಯ ಖಾಲಿ ಸ್ಟ್ರಿಪ್, ಕಷಾಯ, ಪುಡಿ, ಬೇರು ಏನೇ ಇರಲಿ ಒಯ್ಯಿರಿ. ವೈದ್ಯರು ಬಯ್ಯುತ್ತಾರೆ ಎಂದು ಪುಡಿಯನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ಹೋಗುವ ಮೊದಲು ನೋವು ತಾಳಲಾಗದೆ ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡರೆ ಬಾವು ಮಾಯವಾಗಿ ತಜ್ಞರಿಗೆ ಏನೂ ಕಾಣುವುದಿಲ್ಲ. ಹಾಕಿಸಿಕೊಂಡಿದ್ದರೆ ತಾರೀಖು ಹೇಳಿ.

ಅಪಾಯಿಂಟ್‌ಮೆಂಟ್ ಎರಡು ತಿಂಗಳಾಚೆಗೆ ಸಿಕ್ಕರೆ ಸುಮ್ಮನೆ ಕಾಯಬೇಡಿ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ತಾಲೂಕಿನಲ್ಲೋ ಫಿಸಿಷಿಯನ್ ಮೊದಲ ಮದ್ದು ಶುರು ಮಾಡಬಹುದು. ಸರ್ಕಾರದ ಇ-ಸಂಜೀವಿನಿ ದೂರ ಸಮಾಲೋಚನೆ ಉಚಿತ, ಮುಂದಿನ ಭೇಟಿಗಳ ನಡುವೆ ಅದೂ ನೆರವಿಗೆ ಬರುತ್ತದೆ.

ಹೆಜ್ಜೆ 5: ಮದ್ದು

ರುಮಟಾಯ್ಡ್‌ಗೆ ಆಧಾರಸ್ತಂಭ ಮೆಥೋಟ್ರೆಕ್ಸೇಟ್. ಹೆಸರು ಹುಡುಕಿದರೆ ಕ್ಯಾನ್ಸರ್ ಮದ್ದು ಎಂದು ಬರುತ್ತದೆ, ಅರ್ಧ ಜನ ಅಲ್ಲೇ ಹೆದರಿ ಬಿಡುತ್ತಾರೆ. ಕ್ಯಾನ್ಸರಿಗೆ ಕೊಡುವ ಪ್ರಮಾಣ ಬೇರೆ. ಸಂಧಿವಾತಕ್ಕೆ ವಾರಕ್ಕೆ 7.5ರಿಂದ 15 ಮಿಲಿಗ್ರಾಂನಲ್ಲಿ ಶುರು ಮಾಡಿ, ಬೇಕಾದರೆ 25ರವರೆಗೆ ಏರಿಸುತ್ತಾರೆ.

ಈ ಲೇಖನದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ತಿಂದರೆ ಮೂಳೆಯ ಮಜ್ಜೆ ಸೋತು ಪ್ರಾಣವೇ ಹೋಗಬಹುದು. ದಿನಾ ಒಂದು ಗುಳಿಗೆ ತಿಂದು ಅಭ್ಯಾಸವಾದ ನಮಗೆ ಇದು ಸುಲಭಕ್ಕೆ ತಲೆಗೆ ಹೋಗುವುದಿಲ್ಲ. ವಾರದ ದಿನವನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ. ಕಾರವಾರದವರಿಗೆ ನಾನು ಭಾನುವಾರ, ಸಂತೆಯ ದಿನ ಎಂದು ಹೇಳುತ್ತೇನೆ, ಮರೆಯುವುದಿಲ್ಲ. ಬೇರೆ ಊರಿನವರು ತಮ್ಮೂರ ಸಂತೆಯ ದಿನ ಇಟ್ಟುಕೊಳ್ಳಿ. ಉಳಿದ ಗುಳಿಗೆಯ ಡಬ್ಬದಲ್ಲಿ ಇದನ್ನು ಬೆರೆಸಬೇಡಿ. ವಯಸ್ಸಾದ ಅತ್ತೆಯೋ ಅಜ್ಜಿಯೋ ತೆಗೆದುಕೊಳ್ಳುವುದಾದರೆ ಮನೆಯವರೊಬ್ಬರು ಕೈಯಾರೆ ಕೊಡಿ. ಬೇರೆ ಕಾಯಿಲೆಗೆ ಆಸ್ಪತ್ರೆಗೆ ಸೇರಿದಾಗ ಅಲ್ಲಿಯ ನರ್ಸ್‌ಗೂ ಹೇಳಿ.

ಫೋಲಿಕ್ ಆಸಿಡ್ 5 ಮಿಲಿಗ್ರಾಂ ಬೇರೆ ದಿನ ತೆಗೆದುಕೊಳ್ಳಬೇಕು. ಬಾಯಿಹುಣ್ಣು, ವಾಕರಿಕೆ ಕಡಿಮೆಯಾಗುತ್ತದೆ. ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತ, ಲಿವರ್, ಕ್ರಿಯಾಟಿನಿನ್ ನೋಡಬೇಕು. ಇದನ್ನು ತಾಲೂಕಿನಲ್ಲೇ ಮಾಡಿಸಿ ರಿಪೋರ್ಟಿನ ಫೋಟೊ ಕಳಿಸಿದರೆ ಸಾಕು. ಹೆಂಡ ಬಿಡಬೇಕು. ಸೆಪ್ಟ್ರಾನ್ ಎಂದು ಕರೆಯುವ ಕೋಟ್ರೈಮಾಕ್ಸಜೋಲ್ ಗುಳಿಗೆಯನ್ನು ಇದರ ಜೊತೆ ತೆಗೆದುಕೊಳ್ಳಲೇಬಾರದು. ಅಂಗಡಿಯಲ್ಲಿ ಮೂತ್ರದ ಉರಿಗೆ ಅದನ್ನೇ ಕೊಟ್ಟುಬಿಡುತ್ತಾರೆ, ನೀವು ಹೇಳಬೇಕು. ಜ್ವರ, ಬಾಯಿ ತುಂಬ ಹುಣ್ಣು, ಮೈಮೇಲೆ ಕಪ್ಪು ಕಲೆ, ಒಣಕೆಮ್ಮು ಏದುಸಿರು ಬಂದರೆ ಆ ವಾರದ ಗುಳಿಗೆ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಿ.

ಮದ್ದು ಹಿಡಿಯಲು ಆರರಿಂದ ಹನ್ನೆರಡು ವಾರ ಬೇಕು. ನಾಲ್ಕನೇ ವಾರಕ್ಕೆ 'ಏನೂ ಗುಣ ಇಲ್ಲ ಡಾಕ್ಟ್ರೇ' ಎಂದು ಬಿಟ್ಟವರು ಬಹಳ. ಆ ಅಂತರ ದಾಟಿಸಲು ಪ್ರೆಡ್ನಿಸೋಲೋನ್ ಎಂಬ ಸ್ಟೆರಾಯ್ಡ್ ಅನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟು, ಮೂರು ತಿಂಗಳೊಳಗೆ ಇಳಿಸಿ ನಿಲ್ಲಿಸುತ್ತಾರೆ. ಸ್ಟೆರಾಯ್ಡ್ ವಿಷವಲ್ಲ. ಬೇಕಾದಲ್ಲಿ ಜೀವ ಉಳಿಸುತ್ತದೆ. ಕಷ್ಟ ಬರುವುದು ಅದರ ಆರಾಮಕ್ಕೆ ಒಗ್ಗಿ, ಅದೇ ಚೀಟಿ ತೋರಿಸಿ ವರ್ಷಗಟ್ಟಲೆ ತಿಂದಾಗ. ಸಕ್ಕರೆ, ಬಿಪಿ, ಕಣ್ಣಿನ ಪೊರೆ, ಮೂಳೆ ಟೊಳ್ಳಾಗುವುದು ಎಲ್ಲ ಹಿಂದೆ ಬರುತ್ತದೆ. ಹಾಗೆಂದು ಬಹುಕಾಲ ತಿಂದವರು ಒಮ್ಮೆಗೇ ನಿಲ್ಲಿಸಲೂಬಾರದು, ಕುಸಿದು ಬೀಳುತ್ತಾರೆ. ನಿಧಾನಕ್ಕೆ ಇಳಿಸಬೇಕು.

ಇದು ಸಾಲದಿದ್ದರೆ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್, ಲೆಫ್ಲುನೊಮೈಡ್ ಸೇರಿಸುತ್ತಾರೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಲೂಪಸ್ ಇರುವ ಬಹುತೇಕ ಎಲ್ಲರಿಗೂ ಬೇಕಾದ ಮದ್ದು, ಬಸಿರಿನಲ್ಲೂ ನಿಲ್ಲಿಸಬಾರದು. ದಿನದ ಪ್ರಮಾಣ ಕಿಲೋ ತೂಕಕ್ಕೆ 5 ಮಿಲಿಗ್ರಾಂ ದಾಟಬಾರದು. ಶುರುವಿನಲ್ಲಿ ಒಮ್ಮೆ, ಐದು ವರ್ಷದ ಮೇಲೆ ಪ್ರತಿ ವರ್ಷ ಕಣ್ಣಿನ ಪರದೆ ತೋರಿಸಬೇಕು. ಈ ಹಳೆಯ ಮದ್ದುಗಳ ಬೆಲೆ ಹೆಚ್ಚೇನಿಲ್ಲ. ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ, ಇನ್ನೂ ಕಡಿಮೆಗೆ ಸಿಗಬಹುದು.

ಮೂರು ತಿಂಗಳಿಗೆ ರೋಗ ಅರ್ಧದಷ್ಟಾದರೂ ಇಳಿಯಬೇಕು, ಆರು ತಿಂಗಳಿಗೆ ಬಾವು ಇರಬಾರದು. ಇರದಿದ್ದರೆ ಸರಿ, ಇದ್ದರೆ ಮದ್ದು ಬದಲಿಸಿ ಎಂದು ನೀವೇ ಕೇಳಿ. ಅಡಾಲಿಮುಮ್ಯಾಬ್, ಎಟನೆರ್ಸೆಪ್ಟ್, ರಿಟುಕ್ಸಿಮ್ಯಾಬ್‌ನಂಥ, ಜೀವಕೋಶಗಳಿಂದ ತಯಾರಿಸುವ ಬಯಾಲಜಿಕಲ್ ಇಂಜೆಕ್ಷನ್, ಟೋಫಾಸಿಟಿನಿಬ್ ಗುಳಿಗೆ ಆಗ ಬರುತ್ತವೆ. ಅಡಾಲಿಮುಮ್ಯಾಬ್‌ನ ದೇಶೀ ರೂಪ 2014ರ ಕೊನೆಗೆ ಬಂದ ಮೇಲೆ ಬೆಲೆ ಇಳಿದಿದೆ, ಆದರೂ ಸಣ್ಣ ಮೊತ್ತವಲ್ಲ. ಇವನ್ನು ಶುರು ಮಾಡುವ ಮೊದಲು ಅಡಗಿದ ಕ್ಷಯ ಇದೆಯೇ ಎಂದು ಚರ್ಮದ ಅಥವಾ ರಕ್ತದ ಪರೀಕ್ಷೆ ಆಗಲೇಬೇಕು.

ಪುಡಿ, ಗುಳಿಗೆ, ಬಳ್ಳಿ

ಹೆಸರಿಲ್ಲದ ಪೊಟ್ಟಣದಲ್ಲಿ ಬರುವ 'ವಾತದ ಪುಡಿ' ತಿಂದ ಎರಡೇ ದಿನಕ್ಕೆ ನೋವು ಮಾಯವಾದರೆ ಸಂತೋಷಪಡಬೇಡಿ, ಅನುಮಾನಪಡಿ. ಅಷ್ಟು ಬೇಗ ನೋವು ಇಳಿಸುವುದು ಸಾಮಾನ್ಯವಾಗಿ ಅದರೊಳಗೆ ಬೆರೆಸಿದ ಸ್ಟೆರಾಯ್ಡ್. ಮುಖ ದುಂಡಗಾಗುವುದು, ಹೊಟ್ಟೆಯ ಮೇಲೆ ಕೆನ್ನೇರಳೆ ಗೆರೆ, ಇದ್ದಕ್ಕಿದ್ದ ಸಕ್ಕರೆ ಅದರ ಗುರುತು.

ಅಮೃತಬಳ್ಳಿಯ ಕಷಾಯ ನಮ್ಮ ಹಿತ್ತಿಲಿನದ್ದು, ನನ್ನ ಮನೆಯಲ್ಲೂ ಇದೆ. ಆದರೆ ಅದು ರಕ್ಷಣಾ ವ್ಯವಸ್ಥೆಯನ್ನು ಕೆಣಕುತ್ತದೆ. ಕೋವಿಡ್ ಕಾಲದಲ್ಲಿ ಮುಂಬೈಯ ವೈದ್ಯರು ಅದನ್ನು ದಿನಾ ಕುಡಿದವರಲ್ಲಿ ಲಿವರ್ ಹಾನಿಯಾದ ಪ್ರಕರಣಗಳನ್ನು 2021ರಲ್ಲಿ ದಾಖಲಿಸಿದ್ದಾರೆ. ಸ್ವಂತ ದೇಹದ ಮೇಲೇ ತಿರುಗಿದ ರಕ್ಷಣಾ ವ್ಯವಸ್ಥೆ ಇರುವವರು, ಅದರಲ್ಲೂ ಮೆಥೋಟ್ರೆಕ್ಸೇಟ್ ತಿನ್ನುವವರು ಅದನ್ನು ಬಿಡುವುದೇ ಒಳ್ಳೆಯದು. ಜೀರಿಗೆ ಕೊತ್ತಂಬರಿ ಕಷಾಯ, ಒಂದೆಲಗದ ತಂಬುಳಿ, ಮುರುಗಲು ಪಾನಕಕ್ಕೆ ನನ್ನ ತಕರಾರಿಲ್ಲ. ಸ್ಟೆರಾಯ್ಡ್ ತಿನ್ನುವಾಗ ಉಪ್ಪಿನ ಅಪ್ಪೆಮಿಡಿ ಮಾತ್ರ ಕಡಿಮೆ ಮಾಡಿ.

ಬೀಡಿ, ಸಿಗರೇಟು ಬಿಡಲೇಬೇಕು. ಅದು ರುಮಟಾಯ್ಡ್ ಬರಿಸುತ್ತದೆ, ಬಂದದ್ದನ್ನು ಕೆರಳಿಸುತ್ತದೆ, ಮದ್ದು ಹಿಡಿಯದ ಹಾಗೆ ಮಾಡುತ್ತದೆ.

ಮಳೆಗಾಲ, ಜ್ವರ, ಬಸಿರು

ಮೇ ಕೊನೆಯೊಳಗೆ ಒಂದು ತಿಂಗಳ ಹೆಚ್ಚುವರಿ ಮದ್ದು ಮನೆಯಲ್ಲಿರಲಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದಾದದ್ದು ನೆನಪಿದೆ ಅಲ್ವಾ? ದೇವಿಮನೆ, ಅರಬೈಲ್ ಘಟ್ಟಗಳೂ ಮಳೆಗೆ ಆಗಾಗ ಕಟ್ಟಿಕೊಳ್ಳುತ್ತವೆ. ಬಯಾಲಜಿಕಲ್ ಇಂಜೆಕ್ಷನ್ ಫ್ರಿಜ್ಜಿನಲ್ಲಿಡುವ ಮದ್ದು. ಎರಡು ದಿನ ಕರೆಂಟ್ ಹೋದರೆ ಏನು ಮಾಡುವುದೆಂದು ಕೊಂಡ ದಿನವೇ ಕೇಳಿಟ್ಟುಕೊಳ್ಳಿ.

ಗದ್ದೆ, ತೋಟದ ನೀರಿನಲ್ಲಿ ಓಡಾಡುವವರಿಗೆ ಮಳೆಗಾಲದಲ್ಲಿ ಇಲಿಜ್ವರ, ಸಿದ್ದಾಪುರದ ಕಡೆ ಬೇಸಿಗೆಗೆ ಮೊದಲೇ ಶುರುವಾಗುವ ಮಂಗನ ಕಾಯಿಲೆ. ರಕ್ಷಣೆ ತಗ್ಗಿಸುವ ಮದ್ದು ತಿನ್ನುವವರು ಜ್ವರ ಬಂದರೆ ಮೂರು ದಿನ ನೋಡೋಣ ಎನ್ನಬಾರದು. ಮೆಥೋಟ್ರೆಕ್ಸೇಟ್ ಮತ್ತು ಬಯಾಲಜಿಕಲ್ ಜ್ವರ ಇಳಿಯುವವರೆಗೆ ನಿಲ್ಲಿಸಿ, ದಿನಾ ತಿನ್ನುವ ಸ್ಟೆರಾಯ್ಡ್ ನಿಲ್ಲಿಸಬೇಡಿ, ಆಸ್ಪತ್ರೆಗೆ ಹೋಗಿ. ನಾಯಿ ಪರಚಿದರೂ ಲಸಿಕೆ ಹಾಕುವವರಿಗೆ ಈ ಮದ್ದಿನ ಹೆಸರು ಹೇಳಿ, ನಿಮಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಕೂಡ ಬೇಕಾಗುತ್ತದೆ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿಕೊಳ್ಳಿ. ಜೀವಂತ ರೋಗಾಣುವಿನ ಲಸಿಕೆಯನ್ನು ತಜ್ಞರನ್ನು ಕೇಳದೆ ಬೇಡ.

ಮದುವೆ ನಿಶ್ಚಯವಾದ ಹುಡುಗಿಯ ಮನೆಯವರು ರೋಗ ಮುಚ್ಚಿಟ್ಟು ಮದ್ದು ನಿಲ್ಲಿಸುವುದನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಈ ರೋಗ ಇರುವವರು ಮದುವೆಯಾಗಿ ಮಕ್ಕಳನ್ನು ಹೆತ್ತು ಬೆಳೆಸುತ್ತಿದ್ದಾರೆ. ಬೇಕಾದ್ದು ಮುಂಚಿತ ಯೋಜನೆ. ಮೆಥೋಟ್ರೆಕ್ಸೇಟ್, ಲೆಫ್ಲುನೊಮೈಡ್ ಬಸಿರಿನಲ್ಲಿ ಮಗುವಿಗೆ ಹಾನಿ. ಮೆಥೋಟ್ರೆಕ್ಸೇಟ್ ಅನ್ನು ಮೂರು ತಿಂಗಳು ಮೊದಲೇ ಬಿಟ್ಟು, ಹೈಡ್ರಾಕ್ಸಿಕ್ಲೋರೋಕ್ವಿನ್ ಅಥವಾ ಸಲ್ಫಾಸಲಜೀನ್‌ಗೆ ಬದಲಾಯಿಸಿ, ರೋಗ ಹಿಡಿತಕ್ಕೆ ಬಂದ ಮೇಲೆ ಬಸಿರಿಗೆ ಪ್ರಯತ್ನಿಸಬೇಕು. ಲೆಫ್ಲುನೊಮೈಡ್ ದೇಹದಲ್ಲಿ ಬಹಳ ಕಾಲ ಉಳಿಯುತ್ತದೆ, ಅದನ್ನು ತೊಳೆದು ತೆಗೆಯಲು ಬೇರೆಯೇ ಮದ್ದಿದೆ.

ಮದ್ದು ಕಡಿಮೆ ಮಾಡುವುದು

ಆರು ತಿಂಗಳಿಂದ ಬಾವಿಲ್ಲ, ಸಿಆರ್‌ಪಿ ಸರಿ ಇದೆ ಎಂದಾದರೆ ಮದ್ದು ಇಳಿಸುವ ಮಾತೆತ್ತಬಹುದು. ಮೊದಲು ಹೋಗಬೇಕಾದ್ದು ನೋವಿನ ಗುಳಿಗೆ, ಆಮೇಲೆ ಸ್ಟೆರಾಯ್ಡ್. ಬಯಾಲಜಿಕಲ್ ಇದ್ದರೆ ಅದರ ನಡುವಿನ ಅಂತರ ಹಿಗ್ಗಿಸುತ್ತಾರೆ. ಮೆಥೋಟ್ರೆಕ್ಸೇಟ್ ಕೊನೆಗೆ, ಅದೂ ಸ್ವಲ್ಪ ಸ್ವಲ್ಪವೇ. ಇಳಿಸಿದ ಮೇಲೆ ಬೆಳಗಿನ ಮುಷ್ಟಿಯ ಪರೀಕ್ಷೆಯನ್ನು ಮತ್ತೆ ಶುರು ಮಾಡಿ. ಬಿಗಿತ ವಾಪಸ್ಸು ಬಂದು ಎರಡು ವಾರ ಉಳಿದರೆ ಮುಂದಿನ ಭೇಟಿಯ ತಾರೀಖಿಗೆ ಕಾಯದೆ ಫೋನ್ ಮಾಡಿ, ಹಿಂದಿನ ಪ್ರಮಾಣಕ್ಕೆ ಹೋಗಬೇಕೇ ಎಂದು ಕೇಳಿ.